ತೂಗುವ ಸುರುಳಿ

ವಿದ್ಯುತ್ತಿನ ತಕ್ಕಡಿಗಳು ಬಂದಿವೆಯಾದರೂ, ಆಳಂದ, ಅಫಜಲಪುರ, ಜೇವರ್ಗಿಗಳ ಸೀಮೆಯಲ್ಲಿ ಕೊಕ್ಕೆಯ ತಕ್ಕಡಿಯನ್ನು ಕಾಣದ ತಾಯಂದಿರು ವಿರಳ. ಅದರೊಳಗೆ ಭಾರವನ್ನು ಹೊರುವುದು ಉಕ್ಕಿನ ಸುರುಳಿ. ೧ ಕಿಲೋ ತೊಗರಿಗೆ ಅದು ಅರ್ಧ ಸೆಂಟಿಮೀಟರು ನೀಳವಾದರೆ ೨ ಕಿಲೋಗೆ ೧, ೪ಕ್ಕೆ ೨. ಭಾರ ಹೆಚ್ಚಿದ ಪ್ರಮಾಣದಲ್ಲಿಯೇ ಸುರುಳಿಯೂ ನೀಳುವುದೆಂಬ ಈ ನಿಯಮವನ್ನು ಆಂಗ್ಲ ವಿಜ್ಞಾನಿ ರಾಬರ್ಟ್ ಹುಕ್ಕನು ೧೬೭೮ರಲ್ಲಿ ಪ್ರಕಟಿಸಿದನು. ತಕ್ಕಡಿಯ ಗೆರೆಗಳು ಸಮಾನ ಅಂತರದಲ್ಲಿರುವುದು ಇದರಿಂದಲೇ.

ಆದರೆ ಸುರುಳಿಯ ತಾಳ್ಮೆಗೂ ಮೇರೆಯುಂಟು. ೧೦ ಕಿಲೋದ ತಕ್ಕಡಿಗೆ ಮೂಟೆಯನ್ನೇ ತೂಗಹಾಕಿದರೆ ಉಕ್ಕು ಆ ಮೇರೆಯನ್ನು ಮೀರಿ, ಭಾರವನ್ನಿಳಿಸಿದ ಮೇಲೂ ಪೂರ್ವಸ್ಥಿತಿಗೆ ಬಾರದು. ಸಂತೆಯ ಗದ್ದಲದಲ್ಲಿ ಇದನ್ನು ಗಮನಿಸುವವರಾರು? ಬರಿಗೊಕ್ಕೆಯಲ್ಲಿಯೇ ಮುಳ್ಳು ಕಾಲು ಕಿಲೋ ತೋರಿಸಿದರೆ, ಕೊಳ್ಳುವವಳು ಪ್ರತಿ ಸಲವೂ ಇಲ್ಲದ ಕಾಲು ಕಿಲೋ ಬೇಳೆಗೆ ಹಣ ತೆರುವಳು. ಆದುದರಿಂದ ಈ ಪಾಠದಲ್ಲಿ ನಾವು ಮೊದಲು ತೋರಿಸುವುದು ಬರಿಗೊಕ್ಕೆಯ ಮುಳ್ಳನ್ನು.