ಹೊರಡುವ ಮುನ್ನ ಹತ್ತು ನಿಮಿಷ: ಕಾರು ಮಾಲೀಕರಿಗೆ ತಿಳಿವಳಿಕೆ

ಪುಣೆಯ ಈಶಾನ್ಯ ಭಾಗದಲ್ಲಿರುವ ವಿಮಾನ ನಗರವು ಲೋಹೆಗಾಂವ್ ವಿಮಾನ ನಿಲ್ದಾಣಕ್ಕೆ ಸಮೀಪದ ಬಡಾವಣೆ. ಹೆಸರೇ ಅದನ್ನು ಸೂಚಿಸುತ್ತದೆ. ವಿಮಾನವು ನೆಲ ಬಿಡುವ ಮುನ್ನ ಅದರ ಸುತ್ತಲೂ ನಡೆದು, ಚಕ್ರಗಳಿಂದ ರೆಕ್ಕೆಯ ಅಂಚಿನವರೆಗೆ ಕಣ್ಣಾರೆ ಪರೀಕ್ಷಿಸುವುದು ವಿಮಾನಯಾನದ ಕಟ್ಟುನಿಟ್ಟಾದ ಪದ್ಧತಿ. ಹಿಂದಿನ ಹಾರಾಟ ಸುಗಮವಾಗಿತ್ತೆಂಬ ಕಾರಣಕ್ಕೆ ಈ ಪರೀಕ್ಷೆಯನ್ನು ಯಾರೂ ಕೈಬಿಡುವುದಿಲ್ಲ. ಆದರೆ ಅದೇ ಬಡಾವಣೆಯ ವಸತಿ ಸಮುಚ್ಚಯಗಳಲ್ಲಿ ನಿಂತಿರುವ ಕಾರುಗಳಿಗೆ ಇಂತಹ ಪರೀಕ್ಷೆ ನಡೆಯುವುದು ಅಪರೂಪ. ಬೀಗದ ಕೈ ತಿರುಗಿಸಿದೊಡನೆ ಎಂಜಿನ್ ಚಾಲೂ ಆದರೆ ವಾಹನ ಸುಸ್ಥಿತಿಯಲ್ಲಿದೆ ಎಂದೇ ಬಹುಮಂದಿ ಭಾವಿಸುತ್ತಾರೆ. ಈ ಭಾವನೆ ಅಪಾಯಕಾರಿ. ಎಂಜಿನ್ ಕಾರನ್ನು ಓಡಿಸುತ್ತದೆ. ಆದರೆ ಪ್ರಯಾಣಿಕರ ಪ್ರಾಣವನ್ನು ಕಾಯುವವು ಟೈರು, ಬ್ರೇಕು, ದೀಪ ಮತ್ತು ಸೀಟ್ ಬೆಲ್ಟ್‌ಗಳು.

ಪರೀಕ್ಷೆಯ ಹೊಣೆ ಯಾರದು?

ಭಾರತೀಯ ವಾಹನ ಸಂಶೋಧನಾ ಸಂಘವು 1966ರಲ್ಲಿ ಪುಣೆಯಲ್ಲಿಯೇ ಸ್ಥಾಪಿತವಾಯಿತು. ಹೊಸ ಮಾದರಿಯ ವಾಹನಗಳು ಮಾರುಕಟ್ಟೆಗೆ ಬರುವ ಮುನ್ನ ಇಂತಹ ಸಂಸ್ಥೆಗಳಲ್ಲಿ ಅವುಗಳ ಬ್ರೇಕು, ದೀಪ, ಹೊಗೆ ಮೊದಲಾದವುಗಳ ಪರೀಕ್ಷೆ ನಡೆಯುತ್ತದೆ. ಆದರೆ ಈ ಪರೀಕ್ಷೆ ತಯಾರಾದ ಮಾದರಿಗೆ ಮಾತ್ರ ಸಂಬಂಧಿಸಿದ್ದು. ಐದು ವರ್ಷ ಓಡಿದ ಮೇಲೆ ನಿಮ್ಮ ಕಾರಿನ ಟೈರು ಎಷ್ಟು ಸವೆದಿದೆ ಎಂಬುದನ್ನು ಯಾವ ಪ್ರಯೋಗಾಲಯವೂ ನೋಡಲಾರದು. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಗಳವರೆಗೆ ಊರ್ಜಿತದಲ್ಲಿರುತ್ತದೆ. ಈ ಅವಧಿಯಲ್ಲಿ ಕಡ್ಡಾಯವಾದ ಹೊಗೆ ತಪಾಸಣೆಯಲ್ಲಿ ಹೊಗೆಯನ್ನು ಅಳೆಯುತ್ತಾರೆಯೇ ಹೊರತು ಬ್ರೇಕನ್ನಲ್ಲ. ಆದುದರಿಂದ ವಾಹನದ ಸುರಕ್ಷತೆಯ ಮೊದಲ ಪರೀಕ್ಷಕನು ಮಾಲೀಕನೇ ಎಂಬುದನ್ನು ಮರೆಯಬಾರದು.

ನಿಂತ ವಾಹನವೂ ಕೆಡುತ್ತದೆ

ನಗರವಾಸಿಗಳ ಎಷ್ಟೋ ಕಾರುಗಳು ವಾರಗಟ್ಟಲೆ ನಿಂತಲ್ಲೇ ನಿಂತಿದ್ದು, ದಸರಾ, ದೀಪಾವಳಿ ಅಥವಾ ಯುಗಾದಿ ಬಂದೊಡನೆ ನೂರಾರು ಕಿಲೋಮೀಟರ್ ಓಡಬೇಕಾಗುತ್ತದೆ. ಪುಣೆಯಲ್ಲಿ ನೆಲೆಸಿದ ಕನ್ನಡ ಕುಟುಂಬವು ಬೆಳಗಾವಿಗೆ ಹೊರಟರೆ ಸತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿಗಳ ಮಾರ್ಗವಾಗಿ ಸುಮಾರು 340 ಕಿಲೋಮೀಟರ್ ಸಾಗಬೇಕು. ನಿಂತ ಕಾರಿನಲ್ಲಿ ಬ್ಯಾಟರಿಯ ಶಕ್ತಿ ಕುಂದುತ್ತದೆ, ಟೈರಿನ ಗಾಳಿ ಇಳಿಯುತ್ತದೆ, ಬ್ರೇಕಿನ ಲೋಹಭಾಗಗಳಿಗೆ ತುಕ್ಕು ಹಿಡಿಯುತ್ತದೆ, ಮಳೆಗಾಲದಲ್ಲಿ ಇಲಿಗಳು ಬೆಚ್ಚನೆಯ ಸ್ಥಳವನ್ನು ಅರಸಿ ಬಂದು ತಂತಿಗಳನ್ನು ಕಡಿಯುತ್ತವೆ. ವಾರಕ್ಕೊಮ್ಮೆಯಾದರೂ ಇಪ್ಪತ್ತು ನಿಮಿಷ ಕಾರನ್ನು ಓಡಿಸುವುದೂ, ಪ್ರಯಾಣದ ಹಿಂದಿನ ದಿನವೇ ಪರೀಕ್ಷಿಸುವುದೂ ಒಳ್ಳೆಯದು. ಹೊರಡುವ ಮುಂಜಾನೆ ದೋಷ ಕಂಡುಬಂದರೆ ಗ್ಯಾರೇಜು ತೆರೆದಿರುವುದಿಲ್ಲ. ಅವಸರದಲ್ಲಿ ದೋಷವನ್ನು ಕಡೆಗಣಿಸಿ ಹೊರಡುವ ಮನಸ್ಸಾಗುತ್ತದೆ.

ಟೈರುಗಳು

ಕಾರು ನೆಲವನ್ನು ಮುಟ್ಟುವುದು ನಾಲ್ಕು ಅಂಗೈಗಳಷ್ಟು ಸ್ಥಳದಲ್ಲಿ ಮಾತ್ರ. ಗಾಳಿಯ ಒತ್ತಡ ಎಷ್ಟಿರಬೇಕೆಂಬುದನ್ನು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿರುತ್ತಾರೆ. ಟೈರು ತಣ್ಣಗಿರುವಾಗಲೇ ಒತ್ತಡವನ್ನು ಅಳೆಯಬೇಕು. ಪೂರ್ಣ ಭಾರ ಹೊತ್ತು ಹೋಗುವಾಗ ಅದಕ್ಕೆಂದೇ ಸೂಚಿಸಿರುವ ಒತ್ತಡವನ್ನು ಅನುಸರಿಸಬೇಕು.

ಬೇಸಿಗೆಯಲ್ಲಿ ಗಾಳಿ ಕಡಿಮೆ ಇದ್ದರೆ ಟೈರು ಸಿಡಿಯುವುದಿಲ್ಲವೆಂಬ ನಂಬಿಕೆ ವ್ಯಾಪಕವಾಗಿದೆ. ಇದು ತಪ್ಪು. ಗಾಳಿ ಕಡಿಮೆಯಾದ ಟೈರಿನ ಪಕ್ಕದ ಗೋಡೆಯು ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ. ಬಾಗುವಿಕೆಯಿಂದ ಶಾಖ ಹುಟ್ಟುತ್ತದೆ. ಹೆದ್ದಾರಿಯ ವೇಗದಲ್ಲಿ ಈ ಶಾಖವೇ ಟೈರನ್ನು ಸಿಡಿಸುತ್ತದೆ. ಅತಿಯಾದ ಗಾಳಿಯೂ ಹಿಡಿತವನ್ನು ಕುಗ್ಗಿಸುತ್ತದೆ.

ಕಾರಿನ ಟೈರಿನ ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಿರಬಾರದು. ಇದನ್ನು ತಿಳಿಯಲು ಉಪಕರಣ ಬೇಡ. ಗೀರುಗಳ ತಳದಲ್ಲಿ ಅಲ್ಲಲ್ಲಿ ಚಿಕ್ಕ ಉಬ್ಬುಗಳಿರುತ್ತವೆ; ಟೈರಿನ ಮೇಲ್ಮೈ ಸವೆದು ಈ ಉಬ್ಬುಗಳಿಗೆ ಸಮನಾದರೆ ಟೈರನ್ನು ಬದಲಾಯಿಸಲೇಬೇಕು. ಗೀರುಗಳಿಲ್ಲದ ಟೈರು ಮಳೆನೀರನ್ನು ಹೊರದೂಡಲಾರದೆ ನೀರಿನ ಮೇಲೆಯೇ ಜಾರುತ್ತದೆ. ಟೈರಿನ ವಯಸ್ಸನ್ನೂ ನೋಡಬೇಕು. ಅದರ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ: 2319 ಎಂದರೆ 2019ರ 23ನೆಯ ವಾರ. ಕಡಿಮೆ ಓಡಿದ ಟೈರಿನ ರಬ್ಬರೂ ಕಾಲಕ್ರಮದಲ್ಲಿ ಗಡುಸಾಗಿ ಬಿರಿಯುತ್ತದೆ. ಸ್ಟೆಪ್ನಿಯ ಗಾಳಿಯನ್ನು ಪರೀಕ್ಷಿಸಲು ಮರೆಯಬಾರದು.

ಬ್ರೇಕು ಮತ್ತು ಇಳಿಜಾರು

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಖಂಬಾಟಕಿ ಘಾಟ್ ಇದೆ. ಹಿಂದಿರುಗುವಾಗ ಕಾತ್ರಜ್‌ನ ಸುರಂಗ ದಾಟಿದ ಮೇಲೆ ನವಲೆ ಸೇತುವೆಯತ್ತ ದೀರ್ಘವಾದ ಇಳಿಜಾರಿದೆ. ಈ ಇಳಿಜಾರಿನಲ್ಲಿ 2022ರ ನವೆಂಬರ್ 20ರ ರಾತ್ರಿ ಒಂದು ಭಾರಿ ವಾಹನವು ಹತೋಟಿ ತಪ್ಪಿ ಹತ್ತಾರು ವಾಹನಗಳಿಗೆ ಅಪ್ಪಳಿಸಿತು. ಇಳಿಜಾರು ಎಷ್ಟು ನಿರ್ದಯವೆಂಬುದಕ್ಕೆ ಇದೊಂದು ನಿದರ್ಶನ.

ಇಳಿಜಾರಿನಲ್ಲಿ ಇಂಧನ ಉಳಿಸಲೆಂದು ಗೇರನ್ನು ನ್ಯೂಟ್ರಲ್‌ಗೆ ತರುವುದು ಅಥವಾ ಎಂಜಿನ್ ಆರಿಸುವುದು ಸರ್ವಥಾ ಕೂಡದು. ಎಂಜಿನ್ ಆರಿದರೆ ಬ್ರೇಕಿಗೂ ಸ್ಟೀರಿಂಗಿಗೂ ದೊರೆಯುವ ಸಹಾಯಶಕ್ತಿ ನಿಲ್ಲುತ್ತದೆ, ಪೆಡಲು ಗಡುಸಾಗುತ್ತದೆ. ಈಗಿನ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಲರೇಟರಿನಿಂದ ಕಾಲು ತೆಗೆದರೆ ಇಂಧನದ ಪೂರೈಕೆ ತಾನಾಗಿಯೇ ನಿಲ್ಲುವುದರಿಂದ ನ್ಯೂಟ್ರಲ್‌ನಿಂದ ಉಳಿತಾಯವೂ ಇಲ್ಲ. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ನೇ ಕಾರಿನ ವೇಗವನ್ನು ತಡೆಯುತ್ತದೆ.

ಬ್ರೇಕ್ ಆಯಿಲ್ ವಾತಾವರಣದ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದ ಆಯಿಲ್ ಘಾಟಿನ ಶಾಖಕ್ಕೆ ಕುದಿದು, ಪೆಡಲು ತಳಕ್ಕೆ ಇಳಿದುಹೋಗಬಹುದು. ಆದುದರಿಂದ ಕೈಪಿಡಿಯಲ್ಲಿ ಹೇಳಿರುವ ಅವಧಿಗೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಅದನ್ನು ಬದಲಾಯಿಸಬೇಕು. ಬ್ರೇಕ್ ಒತ್ತಿದಾಗ ಕಿರುಗುಟ್ಟುವಿಕೆ, ಒಂದೇ ಬದಿಗೆ ಎಳೆತ, ಪೆಡಲಿನ ನಡುಕ: ಇವು ಮುನ್ಸೂಚನೆಗಳು. ಇವು ಕಂಡೊಡನೆ ಮೆಕ್ಯಾನಿಕ್‌ಗೆ ತೋರಿಸಬೇಕು.

ಹತ್ತು ನಿಮಿಷಗಳ ಪರೀಕ್ಷೆ

1. ಐದೂ ಟೈರುಗಳ ಗಾಳಿ, ಗೀರು, ಬಿರುಕು, ಉಬ್ಬುಗಳನ್ನು ನೋಡಿರಿ.
2. ಸಮತಟ್ಟಾದ ನೆಲದಲ್ಲಿ, ಎಂಜಿನ್ ಆರಿಸಿ ಕೆಲವು ನಿಮಿಷ ಕಾದು, ಎಂಜಿನ್ ಆಯಿಲ್ ಅಳತೆಯ ಕಡ್ಡಿಯ ಎರಡು ಗುರುತುಗಳ ನಡುವೆ ಇದೆಯೇ ನೋಡಿರಿ.
3. ಕೂಲಂಟ್ ಮತ್ತು ಬ್ರೇಕ್ ಆಯಿಲ್‌ಗಳ ಮಟ್ಟವನ್ನು ಹೊರಗಿನಿಂದಲೇ ಗಮನಿಸಿರಿ. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು.
4. ಬ್ಯಾಟರಿಯ ತುದಿಗಳಲ್ಲಿ ಬಿಳಿ ಪುಡಿ ಕಟ್ಟಿದೆಯೇ, ತಂತಿಗಳು ಸಡಿಲವಾಗಿವೆಯೇ ಪರೀಕ್ಷಿಸಿರಿ.
5. ಇನ್ನೊಬ್ಬರನ್ನು ಹಿಂದೆ ನಿಲ್ಲಿಸಿ ಬ್ರೇಕ್ ದೀಪ, ಇಂಡಿಕೇಟರ್, ಹೆಡ್‌ಲೈಟ್‌ಗಳನ್ನು ಹೊತ್ತಿಸಿ ನೋಡಿರಿ.
6. ವೈಪರಿನ ರಬ್ಬರು ಗಾಜನ್ನು ಸ್ವಚ್ಛವಾಗಿ ಒರೆಸುತ್ತದೆಯೇ ನೋಡಿರಿ.
7. ಕಾರು ನಿಂತಿದ್ದ ನೆಲದ ಮೇಲೆ ಎಣ್ಣೆ ಅಥವಾ ನೀರಿನ ಕಲೆ ಇದೆಯೇ ಗಮನಿಸಿರಿ.

ಸೀಟ್ ಬೆಲ್ಟ್

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮೃತರಾದರು. ಸೀಟ್ ಬೆಲ್ಟ್ ಧರಿಸದೆ ಸತ್ತವರು 16,715 ಮಂದಿ. ಅವರಲ್ಲಿ 8,331 ಮಂದಿ ಚಾಲಕರಲ್ಲ, ಪ್ರಯಾಣಿಕರು. ಹಿಂದಿನ ಆಸನದಲ್ಲಿ ಕುಳಿತವರಿಗೂ ಬೆಲ್ಟ್ ಕಡ್ಡಾಯ. ಏರ್‌ಬ್ಯಾಗ್ ಬೆಲ್ಟಿಗೆ ಪೂರಕವೇ ಹೊರತು ಪರ್ಯಾಯವಲ್ಲ. ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಳ್ಳುವುದು ಮಮತೆಯಂತೆ ತೋರಿದರೂ, ಡಿಕ್ಕಿಯ ಕ್ಷಣದಲ್ಲಿ ಯಾವ ತೋಳೂ ಮಗುವನ್ನು ಹಿಡಿದಿಡಲಾರದು.

ದಾರಿಯಲ್ಲಿ ತೊಂದರೆಯಾದರೆ

ಟೈರು ಸಿಡಿದರೆ ಗಾಬರಿಯಿಂದ ಬ್ರೇಕ್ ಒತ್ತಬಾರದು. ಸ್ಟೀರಿಂಗನ್ನು ಭದ್ರವಾಗಿ ನೇರಕ್ಕೆ ಹಿಡಿದು, ಆಕ್ಸಲರೇಟರಿನಿಂದ ನಿಧಾನವಾಗಿ ಕಾಲು ತೆಗೆದು, ವೇಗ ತಗ್ಗಿದ ಮೇಲೆ ಎಡಬದಿಗೆ ನಿಲ್ಲಿಸಬೇಕು. ನಾಲ್ಕೂ ಇಂಡಿಕೇಟರುಗಳನ್ನು ಹೊತ್ತಿಸಿ, ಪ್ರತಿಫಲಿಸುವ ತ್ರಿಕೋನವನ್ನು ವಾಹನದ ಹಿಂದೆ ದೂರದಲ್ಲಿಟ್ಟು, ಎಲ್ಲರೂ ರಸ್ತೆಯಿಂದ ಆಚೆ ನಿಲ್ಲಬೇಕು. ರಾಷ್ಟ್ರೀಯ ಹೆದ್ದಾರಿಗಳಲ್ಲಿ ನೆರವಿಗೆ 1033, ತುರ್ತು ಸಂದರ್ಭದಲ್ಲಿ 112 ಸಂಖ್ಯೆಗೆ ಕರೆ ಮಾಡಬಹುದು. ಗಾಯಾಳುಗಳಿಗೆ ಸದುದ್ದೇಶದಿಂದ ನೆರವಾಗುವವರಿಗೆ ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯು ರಕ್ಷಣೆ ಒದಗಿಸಿದೆ. ಆದುದರಿಂದ ನೆರವಾಗಲು ಅಂಜಬೇಕಿಲ್ಲ.

ಕಾರಿನಲ್ಲಿ ಕುಳಿತ ವೃದ್ಧರೂ ಮಕ್ಕಳೂ ಟೈರನ್ನಾಗಲಿ ಬ್ರೇಕನ್ನಾಗಲಿ ಪರೀಕ್ಷಿಸಿ ಕುಳಿತವರಲ್ಲ. ಮಾಲೀಕನ ಮೇಲಿನ ಭರವಸೆಯಿಂದ ಕುಳಿತವರು. ಎದುರಿನಿಂದ ಬರುವ ಅಪರಿಚಿತರ ಭರವಸೆಯೂ ಅದೇ. ಹತ್ತು ನಿಮಿಷಗಳ ಈ ಶ್ರಮವು ಅವರೆಲ್ಲರಿಗೂ ಸಲ್ಲಬೇಕಾದ ಕರ್ತವ್ಯ.