ಎಂಜಿನ್ನಿನ ಎರಡು ಪಂಪುಗಳು

ಮೋಟಾರು ಕಾರನ್ನು ನಡೆಸಬಲ್ಲವರು ಅನೇಕರು. ಅದರ ಎಂಜಿನ್ನಿನ ಪ್ರಾಣವನ್ನು ಕಾಯುವ ಎರಡು ಪಂಪುಗಳನ್ನು ಅರಿತವರು ಕೆಲವರೇ. ನೀರಿನ ಪಂಪು ಎಂಜಿನ್ನಿನ ಸುತ್ತ ನೀರನ್ನು ಹರಿಸಿ, ಅದರ ಕಾವನ್ನು ರೇಡಿಯೇಟರಿಗೆ ಸಾಗಿಸುತ್ತದೆ. ಎಣ್ಣೆಯ ಪಂಪು ತಳದ ತೊಟ್ಟಿಯಿಂದ ಎಣ್ಣೆಯನ್ನೆತ್ತಿ, ಬೇರಿಂಗುಗಳಿಗೆ ಒತ್ತಡದಿಂದ ಉಣಿಸುತ್ತದೆ. ಸಾಮಾನ್ಯವಾಗಿ ಎರಡಕ್ಕೂ ಚಾಲನೆಯ ಮೂಲ ಒಂದೇ: ಪಿಸ್ಟನ್ನುಗಳ ಏರಿಳಿತದಿಂದ ತಿರುಗುವ ಕ್ರ್ಯಾಂಕ್ ಷಾಫ್ಟ್. ಆದರೆ ಆ ಚಾಲನೆ ತಲುಪುವ ಮಾರ್ಗಗಳು ಬೇರೆ. ಇದಕ್ಕೆ ಕಾರಣವೇನು?

ಅಂಬಾಸಿಡರ್ ಕಾರಿನ 1489 ಸಿ.ಸಿ. ಸಾಮರ್ಥ್ಯದ ಹಳೆಯ ಪೆಟ್ರೋಲ್ ಎಂಜಿನ್ನನ್ನು ಉದಾಹರಣೆಯಾಗಿ ನೋಡೋಣ. ಕ್ರ್ಯಾಂಕ್ ಷಾಫ್ಟಿನ ಮುಂತುದಿಯ ಪುಲ್ಲಿಯಿಂದ ಒಂದು ರಬ್ಬರ್ ಬೆಲ್ಟ್ ಹೊರಟು, ವಿದ್ಯುತ್ತನ್ನು ಉತ್ಪಾದಿಸುವ ಡೈನಮೋವನ್ನೂ ನೀರಿನ ಪಂಪನ್ನೂ ತಿರುಗಿಸುತ್ತದೆ. ಗಾಳಿಯ ಫ್ಯಾನೂ ಈ ಪಂಪಿನ ಪುಲ್ಲಿಗೇ ಜೋಡಿಸಲ್ಪಟ್ಟಿದೆ. ಎಣ್ಣೆಯ ಪಂಪಾದರೋ ಎಂಜಿನ್ನಿನ ಒಳಗಡೆಯಿದೆ. ಕ್ರ್ಯಾಂಕ್ ಷಾಫ್ಟ್ ಸರಪಳಿಯ ಮೂಲಕ ಕ್ಯಾಮ್ ಷಾಫ್ಟನ್ನು ಅರ್ಧ ವೇಗದಲ್ಲಿ ತಿರುಗಿಸಿದರೆ, ಕ್ಯಾಮ್ ಷಾಫ್ಟ್ ಎಣ್ಣೆಯ ಪಂಪನ್ನು ನಡೆಸುತ್ತದೆ.

ಬೆಲ್ಟ್ ಸಡಿಲಗೊಂಡರೆ ಜಾರುತ್ತದೆ, ಸವೆದರೆ ಹರಿಯುತ್ತದೆ. ಆದರೂ ಅದು ಅಗ್ಗ. ರಸ್ತೆಯ ಬದಿಯಲ್ಲೇ ಬದಲಿಸಬಹುದು. ಅದು ಹರಿದರೂ ಎಂಜಿನ್ನಿನಲ್ಲಿರುವ ನೀರು ಕುದಿಯಲು ಕೆಲವು ನಿಮಿಷಗಳು ಬೇಕು. ಚಾಲಕನಿಗೆ ಎಚ್ಚತ್ತುಕೊಳ್ಳಲು ಅವಕಾಶವುಂಟು. ಎಣ್ಣೆಗೆ ಆ ಸಾವಕಾಶವಿಲ್ಲ. ಅದರ ಒತ್ತಡ ಇಲ್ಲವಾದೊಡನೆ ಲೋಹಕ್ಕೆ ಲೋಹ ತಾಗಿ, ಅಲ್ಪ ಕಾಲದಲ್ಲೇ ಬೇರಿಂಗುಗಳು ಕೆಡುತ್ತವೆ. ಆದುದರಿಂದಲೇ ಎಣ್ಣೆಯ ಪಂಪನ್ನು ಜಾರದ ಚಾಲನೆಗೆ ಒಪ್ಪಿಸಿದ್ದಾರೆ.

ಕಾಲಕ್ರಮದಲ್ಲಿ ವಿನ್ಯಾಸಗಳು ಬದಲಾಗಿವೆ. ಕೆಲವು ಎಂಜಿನ್ನುಗಳಲ್ಲಿ ಕ್ಯಾಮ್ ಷಾಫ್ಟನ್ನು ತಿರುಗಿಸುವ ಹಲ್ಲಿನ ಬೆಲ್ಟೇ ನೀರಿನ ಪಂಪನ್ನೂ ತಿರುಗಿಸುತ್ತದೆ; ಅಲ್ಲಿ ಪಂಪು ಬಿಗಿದು ನಿಂತರೆ ಬೆಲ್ಟೂ ಕೆಟ್ಟು, ಕವಾಟಗಳು ಪಿಸ್ಟನ್ನಿಗೆ ಬಡಿಯುವ ಭಯವಿದೆ. 2009ರಲ್ಲಿ ಬಂದ ಮೂರನೆಯ ಪೀಳಿಗೆಯ ಟೊಯೋಟಾ ಪ್ರಿಯಸ್ಸಿನ ನೀರಿನ ಪಂಪಿಗೆ ವಿದ್ಯುತ್ ಮೋಟಾರೇ ಚಾಲಕ. ಎಣ್ಣೆಯ ಪಂಪು ಮಾತ್ರ ಬಹುತೇಕ ಕಾರುಗಳಲ್ಲಿ ಇಂದಿಗೂ ಎಂಜಿನ್ನಿನಿಂದಲೇ ನೇರವಾಗಿ ನಡೆಯುತ್ತದೆ.

ಈ ಅರಿವಿನಿಂದ ಆಚರಣೆಗೆ ಬರಬೇಕಾದದ್ದು ಇಷ್ಟು: ಹಳೆಯ ಬಗೆಯ ಕಾರಿನಲ್ಲಿ ಚಾರ್ಜಿನ ದೀಪ ಬೆಳಗಿ, ಕಾವಿನ ಮುಳ್ಳೂ ಏರತೊಡಗಿದರೆ ಬೆಲ್ಟ್ ಹರಿದಿರಬೇಕೆಂದು ತಿಳಿದು ನಿಲ್ಲಿಸಬೇಕು, ಬಿಸಿ ಆರುವ ಮುನ್ನ ರೇಡಿಯೇಟರಿನ ಮುಚ್ಚಳ ತೆರೆಯಬಾರದು. ಎಣ್ಣೆಯ ಕೆಂಪು ದೀಪ ಬೆಳಗಿದರೋ, ಮುಂದಿನ ಊರು ಮುಟ್ಟೋಣವೆಂಬ ಯೋಚನೆಯೇ ಸಲ್ಲದು. ಕಾರನ್ನು ಕೂಡಲೇ ಬದಿಗೆ ಸರಿಸಿ ಎಂಜಿನ್ನನ್ನು ಆರಿಸಬೇಕು. ಕಣ್ಣಿಗೆ ಕಾಣದೆ ದುಡಿಯುವುದರ ಕಾಯಕ ನಿಂತಾಗಲೇ ಅದರ ಬೆಲೆ ತಿಳಿಯುವಂತಾಗಬಾರದು.