ಡಿಕ್ಕಿ ಶಾಕರ್‌ನ ಲೆಕ್ಕ

ಚೆನ್ನಾಗಿ ಓಡುತ್ತಿರುವ ಕಾರನ್ನು ಜನ ಮಾರಲು ಹೊರಡುವುದು ಬಹಳ ಸಲ ಸಣ್ಣಪುಟ್ಟ ಕಿರಿಕಿರಿಗೆ. ಒಂದು ಕಡೆಯ ಗ್ಲಾಸ್ ಮೇಲೇಳುವುದಿಲ್ಲ, ಎ.ಸಿ. ತಣ್ಣಗಾಗಲು ಹೊತ್ತು ಹಿಡಿಯುತ್ತದೆ, ಡಿಕ್ಕಿ ಬಾಗಿಲು ಎತ್ತಿದರೆ ನಿಲ್ಲುವುದಿಲ್ಲ. ಇಂಥವು ನಾಲ್ಕು ಸೇರಿದರೆ ಸಾಕು, ಮನೆಯಲ್ಲಿ ಹೊಸ ಕಾರಿನ ಮಾತು ಶುರುವಾಗುತ್ತದೆ. ₹7 ಲಕ್ಷ ಸಾಲವನ್ನು ಶೇ 9ರ ಬಡ್ಡಿಗೆ ಐದು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು ₹14,530. ಮೊದಲ ತಿಂಗಳ ಬಡ್ಡಿಯೊಂದೇ ₹5,250. ನಮ್ಮ ಮನೆಯ ಹ್ಯಾಚ್‌ಬ್ಯಾಕ್‌ನ ಡಿಕ್ಕಿ ಬಾಗಿಲು ಮತ್ತೆ ಮೊದಲಿನಂತೆ ನಿಲ್ಲಲು ತಗುಲಿದ ಖರ್ಚು ಆ ಬಡ್ಡಿಯ ಅರ್ಧವೂ ಆಗಲಿಲ್ಲ.

ಡಿಕ್ಕಿಯ ಎರಡು ಬದಿಗೆ ಸೈಕಲ್ ಪಂಪಿನ ಹಾಗಿರುವ ಕಪ್ಪು ಕೊಳವೆಗಳನ್ನು ನೀವು ನೋಡಿರುತ್ತೀರಿ. ಗ್ಯಾರೇಜಿನವರು ಅದನ್ನು ಡಿಕ್ಕಿ ಶಾಕರ್ ಅನ್ನುತ್ತಾರೆ. ಕಂಪನಿಗಳ ಬಿಲ್ಲಿನಲ್ಲಿ ಬ್ಯಾಕ್ ಡೋರ್ ಬ್ಯಾಲೆನ್ಸರ್, ಟೇಲ್‌ಗೇಟ್ ಲಿಫ್ಟರ್, ಗ್ಯಾಸ್ ಸ್ಪ್ರಿಂಗ್, ಸ್ಟ್ರಟ್ ಎಂದೆಲ್ಲ ಬರುತ್ತದೆ. ವಸ್ತು ಒಂದೇ. ಎಸ್ಟಿಮೇಟ್ ಓದುವಾಗ ಈ ಹೆಸರುಗಳು ಗೊತ್ತಿರಬೇಕು.

ಕೊಳವೆಯೊಳಗೆ ಒತ್ತಿ ತುಂಬಿದ ನೈಟ್ರೋಜನ್ ಅನಿಲವಿದೆ, ಜೊತೆಗೆ ತುಸು ಎಣ್ಣೆ. ನಯವಾದ ಒಂದು ಉಕ್ಕಿನ ಸರಳು ಒಳಗೂ ಹೊರಗೂ ಜಾರುತ್ತದೆ. 8 ಮಿಲಿಮೀಟರ್ ದಪ್ಪದ ಸರಳು ಅಂದರೆ ಅದರ ಮುಖದ ವಿಸ್ತೀರ್ಣ ಸುಮಾರು 50 ಚದರ ಮಿಲಿಮೀಟರ್. ಒಳಗಿನ ಒತ್ತಡ 100 ಬಾರ್ ಇದ್ದರೆ ಅದು ಸರಳನ್ನು 500 ನ್ಯೂಟನ್ ಬಲದಿಂದ, ಅಂದರೆ ಸುಮಾರು 50 ಕಿಲೋ ಭಾರ ಎತ್ತುವಷ್ಟು ಬಲದಿಂದ ಹೊರಗೆ ತಳ್ಳುತ್ತದೆ. ಎರಡೂ ಸೇರಿ ನೂರು ಕಿಲೋ. ಬಾಗಿಲಿನ ತೂಕ ಅದಕ್ಕಿಂತ ಎಷ್ಟೋ ಕಡಿಮೆ. ಆದರೂ ಇಷ್ಟು ಬಲ ಬೇಕು. ಶಾಕರ್ ಬಾಗಿಲನ್ನು ಹಿಡಿದಿರುವುದು ಕೀಲಿನ ತೀರಾ ಹತ್ತಿರ, ಬಾಗಿಲಿನ ಭಾರ ಬೀಳುವುದು ಕೀಲಿನಿಂದ ದೂರದಲ್ಲಿ. ಬಾವಿಯ ಏತ ನೋಡಿದವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರಳು ಹೊರಬರುವ ಬಾಯಿಯಲ್ಲಿ ಒಂದು ರಬ್ಬರ್ ಸೀಲ್ ಇದೆ. ಸವೆಯುವುದು ಅದು. ಧೂಳು, ಬಿಸಿಲು, ಸಾವಿರಾರು ಸಲ ತೆಗೆದು ಹಾಕಿದ್ದು, ಎಲ್ಲದರ ಪೆಟ್ಟು ಆ ಸಣ್ಣ ಉಂಗುರಕ್ಕೆ. ಅನಿಲ ತಿಂಗಳುಗಟ್ಟಲೆ ಒಂದಿಷ್ಟಿಷ್ಟೇ ಸೋರುತ್ತದೆ. ಹಾಗಾಗಿ ಶಾಕರ್ ಒಂದೇ ದಿನ ಕೈಕೊಡುವುದು ಅಪರೂಪ. ಮುನ್ಸೂಚನೆ ಕೊಟ್ಟೇ ಕೊಡುತ್ತದೆ. ಮೊದಲ ಸೂಚನೆ ಬರುವುದು ಚಳಿಗಾಲದ ಬೆಳಗ್ಗೆ. ತಾಪಮಾನ 10 ಡಿಗ್ರಿ ಇಳಿದರೆ ಒಳಗಿನ ಒತ್ತಡ ಸುಮಾರು ಶೇ 3.5ರಷ್ಟು ಇಳಿಯುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ನೆಟ್ಟಗೆ ನಿಲ್ಲುವ ಬಾಗಿಲು ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಮೆಲ್ಲನೆ ಕೆಳಗೆ ಬಾಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಬೆಳಗ್ಗೆ ಹೋಗಿ ಡಿಕ್ಕಿ ಎತ್ತಿ ನೋಡುವುದು ಒಳ್ಳೆಯದು. ಸರಳಿನ ಮೇಲೆ ಎಣ್ಣೆಯ ಪಸೆ ಕಂಡರೆ ಸೀಲ್ ಹೋಗಿದೆ ಎಂದೇ ಅರ್ಥ.

ನಮ್ಮ ಬೀದಿಗೆ ಬರುವ ತರಕಾರಿಯವರ ಹಳೆಯ ಓಮ್ನಿಯಲ್ಲಿ ಬಿದಿರಿನ ಒಂದು ಕೋಲು ಯಾವಾಗಲೂ ಇರುತ್ತದೆ. ಬಾಗಿಲೆತ್ತಿ, ಕೋಲು ಕೊಟ್ಟು, ಕೆಳಗೆ ಕೂತು ತೂಗುತ್ತಾರೆ. ಊರ ತುಂಬ ಇಂಥ ಕೋಲುಗಳನ್ನು ನೋಡುತ್ತೇನೆ, ನೋಡಿದಾಗಲೆಲ್ಲ ಎದೆ ಝಲ್ಲೆನ್ನುತ್ತದೆ. ಗಾಳಿ ಬೀಸಿದರೆ, ಯಾರದಾದರೂ ಮೊಣಕೈ ತಗುಲಿದರೆ ಕೋಲು ಜಾರುತ್ತದೆ. ಗಾಜು, ಉಕ್ಕು ಎಲ್ಲ ಸೇರಿ ತಲೆಯ ಮೇಲೆ ಬೀಳುತ್ತದೆ. ನಮ್ಮ ಅತ್ತೆಯವರು ರೇಷನ್ ಚೀಲ ಇಳಿಸುವಾಗ ಬಾಗಿಲನ್ನು ಭುಜದಿಂದ ತಡೆದು ನಿಂತದ್ದನ್ನು ಕಂಡ ದಿನವೇ ನಾನು ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದೆ.

ಅವರು ಕೊಟ್ಟ ಎಸ್ಟಿಮೇಟ್ ಹೀಗಿತ್ತು: ಜೋಡಿಗೆ ತೆರಿಗೆ ಸೇರಿ ₹2,360, ಲೇಬರ್ ₹600, ಹಿಂಜ್ ಕ್ಲೀನಿಂಗ್ ಮತ್ತು ಗ್ರೀಸಿಂಗ್ ₹450, ಕೆಲಸದ ಮೇಲೆ ಶೇ 18ರ ಜಿಎಸ್‌ಟಿ ₹189. ಒಟ್ಟು ₹3,599. ಇದರಲ್ಲಿ ಮೋಸವೆಂದು ಹೇಳುವಂಥದ್ದು ಏನಿಲ್ಲ. ಆದರೆ ಕೀಲುಗಳು ಸದ್ದು ಮಾಡುತ್ತಿರಲಿಲ್ಲ, ಗ್ರೀಸ್ ಹಾಕಿ ಎಂದು ನಾನು ಕೇಳಿರಲಿಲ್ಲ. ಕೂಲಿಯ ₹600 ಯಾವ ಕೆಲಸಕ್ಕೆ ಎಂದು ವಿಚಾರಿಸಿದಾಗ, ಎರಡು ಕ್ಲಿಪ್ ಬಿಚ್ಚಿ ಎರಡು ಹಾಕುವುದಕ್ಕೆ ಅಂದರು. ವೆಲ್ಡಿಂಗ್ ಇಲ್ಲ, ಬಣ್ಣ ಇಲ್ಲ, ಕಂಪ್ಯೂಟರ್ ಜೋಡಿಸುವುದೂ ಇಲ್ಲ.

ಎಸ್ಟಿಮೇಟ್ ಕೈಗೆ ಬಂದಾಗ ನಾನು ಕೆಳಗಿನ ಒಟ್ಟು ಮೊತ್ತವನ್ನು ಮೊದಲು ನೋಡುವುದಿಲ್ಲ. ವಸ್ತುವಿಗೆ ಎಷ್ಟು, ಕೈಗೆಲಸಕ್ಕೆ ಎಷ್ಟು ಎಂದು ಬೇರೆ ಮಾಡಿ ನೋಡುತ್ತೇನೆ. ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್ ಕೆಲಸದಲ್ಲಿ ಪಳಗಿದ ಕೈಗೆ ಕೊಟ್ಟ ದುಡ್ಡು ಎಂದೂ ಹೆಚ್ಚಲ್ಲ. ಡಿಕ್ಕಿ ಶಾಕರ್, ವೈಪರ್ ಬ್ಲೇಡ್, ಎ.ಸಿ.ಯ ಕ್ಯಾಬಿನ್ ಫಿಲ್ಟರ್ ಇವುಗಳ ಮಾತು ಬೇರೆ. ಇಲ್ಲಿ ದುಡ್ಡೆಲ್ಲ ವಸ್ತುವಿನ ಗುಣಕ್ಕೆ ಹೋಗಬೇಕು.

ಸ್ಪೇರ್ ಪಾರ್ಟ್ ಪೊಟ್ಟಣದ ಮೇಲೆ ಎಂಆರ್‌ಪಿ ಇರುತ್ತದೆ, ಅದು ಎಲ್ಲ ತೆರಿಗೆ ಸೇರಿದ ಬೆಲೆ. ಬಿಲ್ಲಿನಲ್ಲಿ ತೆರಿಗೆಯನ್ನು ಬೇರೆಯಾಗಿ ತೋರಿಸಬಹುದು, ಆದರೆ ಎರಡೂ ಕೂಡಿದ ಮೇಲೆ ಎಂಆರ್‌ಪಿ ದಾಟುವ ಹಾಗಿಲ್ಲ. ಪೊಟ್ಟಣವನ್ನು ತೋರಿಸಿ ಎಂದು ಕೇಳುವುದು ಗಿರಾಕಿಯ ಹಕ್ಕು, ಸಂಕೋಚ ಬೇಡ. ಇನ್ನೊಂದು ವಿಷಯ: 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆಲ್ಲ ಶೇ 18ರ ಒಂದೇ ಜಿಎಸ್‌ಟಿ ದರ ಬಂದಿದೆ. ಅದಕ್ಕೆ ಮುಂಚೆ ಎಷ್ಟೋ ಭಾಗಗಳಿಗೆ ಶೇ 28 ಇತ್ತು. ಹಳೆಯ ದಾಸ್ತಾನಿನ ಪೊಟ್ಟಣ ಕೊಟ್ಟರೆ ಈಗಿನ ಬೆಲೆ ಎಷ್ಟು ಎಂದು ಕೇಳಿ.

ನಾನು ಹೋದದ್ದು ಬೆಂಗಳೂರಿನ ಜೆ.ಸಿ. ರಸ್ತೆಗೆ. ಟೌನ್ ಹಾಲ್‌ನಿಂದ ಮಿನರ್ವ ಸರ್ಕಲ್ ಕಡೆ ಇಳಿಯುವ ಈ ರಸ್ತೆಯಲ್ಲಿ ಕಾರಿನ ಯಾವ ಭಾಗ ಸಿಗುವುದಿಲ್ಲ ಎಂದು ಹೇಳುವುದೇ ಕಷ್ಟ. ಕೌಂಟರಿನಲ್ಲಿದ್ದ ಹಿರಿಯರು ಮೊದಲು ಕೇಳಿದ್ದು ಕಾರಿನ ಮಾಡೆಲ್ ಮತ್ತು ವರ್ಷ. ಆಮೇಲೆ, “ಹಳೇ ಶಾಕರ್ ಫೋಟೋ ಇದೆಯಾ ಮೇಡಂ? ನಂಬರ್ ಕಾಣೋ ಹಾಗೆ?” ಅಂದರು. ಇತ್ತು. ಕೊಳವೆಯ ಮೇಲೆ ಪಾರ್ಟ್ ನಂಬರಿನ ಜೊತೆಗೆ ನ್ಯೂಟನ್ ಲೆಕ್ಕದ ಬಲವನ್ನೂ ಅಚ್ಚು ಹಾಕಿರುವುದುಂಟು, ಅಂಕಿಯ ಕೊನೆಗೆ ಇಂಗ್ಲಿಷಿನ ಎನ್ ಅಕ್ಷರ ಇರುತ್ತದೆ. ಒಂದೇ ಹೆಸರಿನ ಕಾರಿನಲ್ಲಿ ಹಿಂದಿನ ಸ್ಪಾಯ್ಲರ್ ಇರುವ ಮಾದರಿಗೂ ಇಲ್ಲದ ಮಾದರಿಗೂ ಬಾಗಿಲಿನ ತೂಕ ಬೇರೆಯಾಗುವುದರಿಂದ ಹೆಸರು ಹೇಳಿ ತರುವುದಕ್ಕಿಂತ ನಂಬರ್ ಹೇಳಿ ತರುವುದು ಕ್ಷೇಮ.

ಅವರು ಎರಡು ಬಗೆ ತೋರಿಸಿದರು. ಒಂದು ಲೋಕಲ್, ₹450. ಇನ್ನೊಂದು ಕಾರು ಕಂಪನಿಯದೇ ಪೊಟ್ಟಣ, ಎಂಆರ್‌ಪಿ ₹1,180, ನನಗೆ ₹1,060ಕ್ಕೆ ಕೊಟ್ಟರು. ಲೋಕಲ್ ಪೊಟ್ಟಣದ ಮೇಲೆ ಬಲದ ಅಂಕಿಯೇ ಇರಲಿಲ್ಲ. “ಇದು ಸ್ವಲ್ಪ ಜಾಸ್ತಿನೇ ಸ್ಟ್ರಾಂಗು, ಗಾಡಿ ಲೋಡಿಗೆ ಹಾಕ್ತಾರಲ್ಲ, ಅವರು ತಗೊಂಡು ಹೋಗ್ತಾರೆ” ಎಂದರು. ಬಲ ಹೆಚ್ಚಾದರೆ ಒಳ್ಳೆಯದು ಎಂಬ ಭಾವನೆ ತುಂಬ ಜನರಲ್ಲಿದೆ. ಬಾಗಿಲಿನ ತಗಡು, ಕೀಲು, ಶಾಕರ್ ಕೂರುವ ಗುಂಡಿನ ಬೋಲ್ಟು ಇವೆಲ್ಲ ಒಂದು ಲೆಕ್ಕದ ಒತ್ತಡಕ್ಕೆ ತಯಾರಾದವು. ಹೆಚ್ಚು ಬಲದ ಶಾಕರ್ ಮುಚ್ಚಿದ ಬಾಗಿಲನ್ನು ದಿನವಿಡೀ ಒಳಗಿಂದ ತಳ್ಳುತ್ತಲೇ ಇರುತ್ತದೆ. ಬೀಗದ ಮೇಲೂ ಭಾರ. ವಯಸ್ಸಾದವರಿಗೆ ಬಾಗಿಲೆಳೆದು ಮುಚ್ಚಲು ಆಗುವುದಿಲ್ಲ, ಬಟನ್ ಒತ್ತಿದ ಕೂಡಲೇ ಬಾಗಿಲು ಗದ್ದಕ್ಕೆ ಬಡಿಯುವಂತೆ ಮೇಲೆ ಹಾರುತ್ತದೆ. ಜೋಡಿಗೆ ₹2,120 ಕೊಟ್ಟು ಬಿಲ್ ಮಾಡಿಸಿ ತಂದೆ.

ಒಂದೇ ಕೊಂಡರೆ ಆಗದೇ ಎಂದು ಓದುಗರು ಕೇಳಬಹುದು. ಆಗದು. ಒಂದು ಕಡೆ ಹೊಸ ಬಲ, ಇನ್ನೊಂದು ಕಡೆ ಸೋತ ಬಲ ಇದ್ದರೆ ಬಾಗಿಲು ಪ್ರತಿ ಸಲವೂ ತಿರುಚಿಕೊಂಡು ಏಳುತ್ತದೆ. ಸಂದಿ ಒಂದು ಕಡೆ ಅಗಲವಾಗಿ ಮಳೆನೀರು ಒಳಗಿಳಿಯಲು ದಾರಿಯಾಗುತ್ತದೆ. ಒಟ್ಟಿಗೆ ಹುಟ್ಟಿದ ಎರಡು ಶಾಕರ್‌ಗಳಲ್ಲಿ ಒಂದು ಸತ್ತರೆ ಇನ್ನೊಂದಕ್ಕೂ ಹೆಚ್ಚು ಆಯುಷ್ಯವಿಲ್ಲ. ಹಾಗೆಯೇ, ಹಳೆಯದಕ್ಕೇ ಗ್ಯಾಸ್ ತುಂಬಿಕೊಡುತ್ತೇವೆ ಎನ್ನುವವರೂ ಸಿಗುತ್ತಾರೆ. ಸವೆದಿರುವುದು ಸೀಲ್, ಅನಿಲ ತುಂಬಿದರೆ ಸೀಲ್ ಹೊಸದಾಗುವುದಿಲ್ಲ. ಅದಕ್ಕೆ ಒಂದು ರೂಪಾಯಿಯನ್ನೂ ನಾನು ಕೊಡಲಾರೆ.

ಕಾರು ಕಂಪನಿಯ ಭಾಗವನ್ನು ಹೀಗೆ ಬಯಲು ಮಾರುಕಟ್ಟೆಯಲ್ಲಿ ಕೊಳ್ಳುವ ಅವಕಾಶ ತಾನಾಗಿ ಬಂದದ್ದಲ್ಲ. ಬಿಡಿಭಾಗಗಳು, ದೋಷ ಪತ್ತೆಯ ಉಪಕರಣಗಳು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ತಡೆಯುತ್ತಿವೆ ಎಂಬ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರಿಗೆ ಒಟ್ಟು ₹2,544 ಕೋಟಿಗೂ ಹೆಚ್ಚು ದಂಡ ಹಾಕಿತು. ಕಂಪನಿಗಳು ಮೇಲ್ಮನವಿ ಹೋದವು. ಆದರೂ ಆ ಆದೇಶ ಎತ್ತಿದ ಪ್ರಶ್ನೆ ನಮ್ಮಂಥ ಸಾಮಾನ್ಯ ಮಾಲೀಕರದೇ: ಕೊಂಡ ಮೇಲೆ ಕಾರು ನನ್ನದೋ, ಸರ್ವಿಸ್ ಸೆಂಟರಿನದೋ? 2022ರ ಡಿಸೆಂಬರ್ 24ರಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿ ಹಕ್ಕಿನ ಪೋರ್ಟಲ್ ತೆರೆದಾಗ ಅದರಲ್ಲಿ ವಾಹನಗಳನ್ನೂ ಸೇರಿಸಿದ್ದು ನನಗೆ ದೊಡ್ಡ ಸಮಾಧಾನ ತಂದಿತು. ಕಾರು ಇನ್ನೂ ವಾರಂಟಿಯಲ್ಲಿದ್ದರೆ ಮಾತ್ರ ಮೊದಲು ಕಂಪನಿಯವರನ್ನೇ ಕೇಳಿ, ಪುಕ್ಕಟೆ ಸಿಗುವುದನ್ನು ಬಿಡುವುದೇಕೆ?

ಹಾಕುವ ಕೆಲಸಕ್ಕೆ ಎರಡು ಜನ ಬೇಕು. ಒಬ್ಬರು ಬಾಗಿಲನ್ನು ಪೂರ್ತಿ ಮೇಲೆ ಹಿಡಿದಿರಬೇಕು. ಈ ಕೆಲಸ ಬಲವಿದ್ದವರದು, ಕೈ ಸಡಿಲಿಸುವ ಹಾಗಿಲ್ಲ. ನಮ್ಮಲ್ಲಿ ಮಗ ಹಿಡಿದ. ಶಾಕರ್‌ನ ಎರಡು ತುದಿಯಲ್ಲೂ ಪ್ಲಾಸ್ಟಿಕ್ ಬಟ್ಟಲು, ಅದರ ಹಿಂಭಾಗದಲ್ಲಿ ತಂತಿಯ ಕ್ಲಿಪ್. ಚಪ್ಪಟೆ ತುದಿಯ ಸಣ್ಣ ಸ್ಕ್ರೂಡ್ರೈವರ್‌ನಿಂದ ಕ್ಲಿಪ್ಪನ್ನು ತುಸು ಎತ್ತಿದರೆ ಸಾಕು, ಬಟ್ಟಲು ಗುಂಡಿನಿಂದ ಕಳಚಿಕೊಳ್ಳುತ್ತದೆ. ಒಂದು ಕಡೆಯದನ್ನು ತೆಗೆದು, ಹೊಸದನ್ನು ಕೂರಿಸಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಬೇಕು. ಹೊಸದನ್ನು ಒತ್ತಿದಾಗ ಟಕ್ ಎಂದು ಕೂರುತ್ತದೆ. ಡಿಕ್ಕಿ ಮುಚ್ಚಿದಾಗ ಸರಳಿನ ತುದಿ ಕೆಳಮುಖವಾಗಿರಬೇಕು, ಆಗ ಒಳಗಿನ ಎಣ್ಣೆ ಸೀಲಿನ ಮೇಲೆ ನಿಂತು ಅದನ್ನು ಒಣಗಲು ಬಿಡುವುದಿಲ್ಲ. ಹಳೆಯದು ಹೇಗಿತ್ತೋ ಹಾಗೇ ಹಾಕಿದರೆ ತಪ್ಪುವುದಿಲ್ಲ. ಸರಳನ್ನು ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿಯಬೇಡಿ, ಗ್ರೀಸ್ ಬಳಿಯಬೇಡಿ. ಉಗುರಿಗೆ ಸಿಗುವಷ್ಟು ಗೀರು ಬಿದ್ದರೂ ಅದು ಸೀಲನ್ನು ಕೊಯ್ಯುತ್ತದೆ. ಬಾಗಿಲು ಹಿಡಿಯಲು ಜನವಿಲ್ಲದಿದ್ದರೆ ಬೀದಿಯ ಮೆಕ್ಯಾನಿಕ್‌ಗೆ ನೂರಿನ್ನೂರು ಕೊಟ್ಟು ಮಾಡಿಸಿಕೊಳ್ಳಿ, ಅದು ನ್ಯಾಯವಾದ ಕೂಲಿ.

ಇದಕ್ಕೆಲ್ಲ ಇನ್ಶೂರೆನ್ಸ್ ಇದೆಯಲ್ಲ ಎಂದು ನಮ್ಮ ಭಾವನವರು ಕೇಳಿದರು. ಸವೆದು ಹೋದದ್ದಕ್ಕೆ ಮೋಟಾರು ಪಾಲಿಸಿ ದುಡ್ಡು ಕೊಡುವುದಿಲ್ಲ. ಬಾಗಿಲು ಬಿದ್ದು ಗಾಜು ಒಡೆದು ಕ್ಲೇಮ್ ಮಾಡುವ ಪರಿಸ್ಥಿತಿ ಬಂದರೆ, ವರ್ಷವರ್ಷವೂ ಶೇ 20ರಿಂದ ಶೇ 50ರವರೆಗೆ ಏರುತ್ತ ಬಂದ ನೋ ಕ್ಲೇಮ್ ಬೋನಸ್ ಕೈತಪ್ಪುತ್ತದೆ. ಆದ್ದರಿಂದ ಸವೆಯುವ ಭಾಗಗಳ ಖರ್ಚನ್ನು ಮನೆಯ ಬಜೆಟ್ಟಿನಲ್ಲೇ ಇಡಬೇಕು. ಟೈರು, ಬ್ಯಾಟರಿ, ಬ್ರೇಕ್ ಪ್ಯಾಡ್, ಕ್ಲಚ್, ಡಿಕ್ಕಿ ಶಾಕರ್ ಇವು ಆಕಸ್ಮಿಕವಲ್ಲ, ಒಂದಲ್ಲ ಒಂದು ದಿನ ಬಂದೇ ಬರುವ ಖರ್ಚುಗಳು. ಕಾರಿನ ಸಾಲ ತೀರಿದ ತಿಂಗಳಿಂದಲೇ ನಾನು ₹1,500ರ ಒಂದು ಆರ್‌ಡಿ ಶುರುಮಾಡಿದೆ, ವರ್ಷಕ್ಕೆ ₹18,000 ಅಸಲು. ಟೈರು ಬದಲಿಸುವ ವರ್ಷ ಅದು ಸಾಲದು, ಉಳಿದ ವರ್ಷಗಳಲ್ಲಿ ಮಿಗುತ್ತದೆ. ಕಂತು ಕಟ್ಟುವ ಅಭ್ಯಾಸ ಮನೆಗೆ ಹೇಗೂ ಇತ್ತು, ಅದನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿ ಮುಂದುವರಿಸಿದೆವು ಅಷ್ಟೆ.

ಇಂಥ ಸಣ್ಣ ದುರಸ್ತಿಯ ಬೆಲೆ ಕಾರು ಮಾರುವಾಗಲೂ ತಿಳಿಯುತ್ತದೆ. ನನ್ನ ತಮ್ಮ ತನ್ನ ಹಳೆಯ ಕಾರು ಮಾರುವಾಗ ನಾನು ಜೊತೆಗಿದ್ದೆ. ಬ್ರೋಕರ್ ಎಂಜಿನ್ ಕೇಳಿಸಿಕೊಂಡು ಏನೂ ಹೇಳಲಿಲ್ಲ. ಡಿಕ್ಕಿ ಎತ್ತಿದಾಗ ಬಾಗಿಲು ಕುಸಿಯಿತು, ಅಲ್ಲಿಂದ ಚೌಕಾಸಿಯ ದಾರಿ ಬದಲಾಯಿತು. “ಇಷ್ಟನ್ನೇ ನೋಡ್ಕೊಂಡಿಲ್ಲ, ಒಳಗೇನು ನೋಡ್ಕೊಂಡಿರ್ತೀರಾ ಸಾರ್?” ಎಂದು ₹10,000 ಇಳಿಸಿದ. ಅವನ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ, ಸರ್ವಿಸ್ ಬಿಲ್ಲುಗಳನ್ನೆಲ್ಲ ತೋರಿಸಿದರೂ ಅವನು ಜಗ್ಗಲಿಲ್ಲ.

ಕೊನೆಯದಾಗಿ, ಬಿಚ್ಚಿದ ಹಳೆಯ ಶಾಕರ್‌ಗಳ ವಿಚಾರ. ಬಾಗಿಲನ್ನು ಎತ್ತುವ ಶಕ್ತಿ ಹೋಗಿದ್ದರೂ ಒಳಗೆ ಇನ್ನೂ ಸಾಕಷ್ಟು ಒತ್ತಡ ಉಳಿದಿರುತ್ತದೆ. ಅದನ್ನು ಕೊಯ್ಯುವುದು, ಕೊರೆಯುವುದು, ಬೆಂಕಿಗೆ ಹಾಕುವುದು ಪ್ರಾಣಕ್ಕೆ ಅಪಾಯ. ಗುಜರಿಯವರಿಗೆ ಕಬ್ಬಿಣದ ಜೊತೆ ಸುಮ್ಮನೆ ಕೊಟ್ಟುಬಿಟ್ಟರೆ ಅಲ್ಲಿ ಗ್ಯಾಸ್ ಕಟರ್ ಹಿಡಿದ ಹುಡುಗನಿಗೆ ಇದು ಗೊತ್ತಿರುವುದಿಲ್ಲ. ನಾನು ಎರಡನ್ನೂ ಹಳೆಯ ಬಟ್ಟೆಯಲ್ಲಿ ಸುತ್ತಿ, ಒಳಗೆ ಗ್ಯಾಸ್ ಇದೆ ಎಂದು ದಪ್ಪಕ್ಷರದಲ್ಲಿ ಬರೆದು, ಇಂಥವನ್ನು ಕ್ರಮವಾಗಿ ಒತ್ತಡ ಇಳಿಸಿ ವಿಲೇವಾರಿ ಮಾಡುವ ವರ್ಕ್‌ಶಾಪಿಗೆ ಕೊಟ್ಟು ಬಂದೆ.